ಚೀಸ್ ಅಟ್ಟದ ಬಾಗಿಲು

ಕ್ಯಾಟರ್‌ಮೋಲರ ಮನೆಯಲ್ಲಿ ತಲೆಗಿಂತ ತೊಲೆಗೇ ಮರ್ಯಾದೆ ಹೆಚ್ಚು. ಬಾಗಿದವರಿಗೆ ಬಾಗಿಲು, ಬಾಗದವರಿಗೆ ಬುಗುಟು. ಮುನ್ನೂರು ವರ್ಷದ ಓಕ್ ಕಂಬಗಳು, ಅವುಗಳ ನಡುವೆ ಕಡ್ಡಿಬರಲು ಹೆಣೆದು ಮೆತ್ತಿದ ಮಣ್ಣು, ಮೇಲೆ ಜೊಂಡಿನ ಸೂರು. ಮರಕ್ಕೆ ಮರ ಕಚ್ಚಿಸಿ ಮರದ ಗೂಟವನ್ನೇ ಜಡಿದಿದ್ದರು. ಹುಡುಕಿದರೂ ಒಂದು ಕಬ್ಬಿಣದ ಮೊಳೆ ಸಿಗುತ್ತಿರಲಿಲ್ಲ. ಗಾಳಿ ಎದ್ದಾಗ ಇಡೀ ಮನೆ ಬಸುರಿ ಹಸುವಿನಂತೆ ನರಳುತ್ತಿತ್ತು. ಸೊಸೆ ಕೆಜಾಯಾಗೆ ಆ ನರಳಾಟ ರೂಢಿಯಾಗಿತ್ತು. ಹೊಸದಾಗಿ ಕೇಳತೊಡಗಿದ್ದು ಬಡಿತ.

ಮಹಡಿಯ ಕೋಣೆಯಲ್ಲಿ ಅತ್ತೆ ಡಾರ್ಕಸ್ ಎದೆನೋವಿನಿಂದ ಹಾಸಿಗೆ ಹಿಡಿದಿದ್ದಳು. ಮೇ ತಿಂಗಳು ಹುಟ್ಟುತ್ತಿದ್ದಂತೆ ಅವಳ ತಲೆಯ ಮೇಲಿನ ದಪ್ಪ ತೊಲೆಯೊಳಗಿಂದ ಟಕ್ ಟಕ್ ಟಕ್ ಎಂದು ಸದ್ದು ಬಂತು. ತುಸು ಬಿಟ್ಟು ಮತ್ತೆ ಬಂತು. ರೋಗಿಯ ನೆತ್ತಿಯ ಮೇಲೆ ಮರ ಬಡಿದರೆ ಸಾವು ಹೊಸ್ತಿಲಿಗೆ ಬಂದಿದೆ ಎಂಬುದು ಆ ಸೀಮೆಯ ಹಸುಗೂಸಿಗೂ ಗೊತ್ತು. ಬಡಿಯುವುದು ಮರ ತಿನ್ನುವ ಹುಳು ಎಂಬುದೂ ಗೊತ್ತು. ಆದರೆ ಹುಳುವನ್ನು ಕಳಿಸಿದ್ದು ಯಾರು ಎಂದು ತಿರುಗಿ ಕೇಳುವ ಜನ ಅವರು.

ಡಾರ್ಕಸ್ ಮಂಚದ ಕಾಲಿಗೆ ಉಗುರಿನಿಂದ ಕುಟ್ಟಿದಳು. ಮೇಲಿನಿಂದ ಉತ್ತರ ಬಂತು.

"ನೋಡೇ ಕೆಜಾಯಾ, ಯಮ ಎಷ್ಟು ಮರ್ಯಾದಸ್ಥ. ಕರೆದ ತಕ್ಷಣ ಓಗೊಡ್ತಾನೆ. ನಿನ್ನ ಗಂಡ ಮೂರು ಸಲ ಕೂಗಿದ್ರೂ ಹ್ಞೂಂ ಅನ್ನಲ್ಲ."

ಕೆಜಾಯಾ ನಕ್ಕಳು, ಆದರೆ ಕೌದಿಯನ್ನು ಅತ್ತೆಯ ಕುತ್ತಿಗೆಯವರೆಗೆ ಎಳೆದು ಬಿಗಿಯಾಗಿ ಸಿಕ್ಕಿಸಿದಳು. ತಾಯಿಯಿಲ್ಲದೆ ಬೆಳೆದು ಈ ಮನೆಗೆ ಬಂದ ಅವಳಿಗೆ ರೊಟ್ಟಿ ಸುಡುವುದರಿಂದ ಹಿಡಿದು ಗಂಡನ ಮೌನವನ್ನು ಓದುವವರೆಗೆ ಎಲ್ಲ ಕಲಿಸಿದ್ದು ಈ ಮುದುಕಿ. ಯಾರು ಕರೆದರೂ ಕಳಿಸಲು ಅವಳು ತಯಾರಿರಲಿಲ್ಲ.

ಪಕ್ಕದ ಹೊಲದ ವಿಧವೆ ಮಿಸೆಸ್ ಸ್ಪಿಂಕ್ ಬಂದು, ಮಂಚದ ಬಳಿ ಮೂಗಿನಲ್ಲೇ ಉಸಿರೆಳೆದು, ಕೆಳಗಿಳಿದು ತೀರ್ಪು ಕೊಟ್ಟಳು. ಜೀವ ಹೊರಡಲಾರದೆ ಒದ್ದಾಡುತ್ತಿದೆ. ಮನೆಯ ಬೀಗ ತೆಗೆಯಬೇಕು, ಗಂಟು ಬಿಚ್ಚಬೇಕು, ಒಂದು ಬಾಗಿಲೂ ಮುಚ್ಚಿರಬಾರದು. ಮಗ ಜೇಬೆಜ್ ಅದನ್ನು ಅಕ್ಷರಶಃ ನಂಬಿದ. ಅಪ್ಪ ಸಾಯುವಾಗ ಹಳೆಯ ಪೆಟ್ಟಿಗೆಯೊಂದರ ಬೀಗ ತೆಗೆಯುವುದು ಮರೆತುಹೋಗಿ, ಆತ ವಾರವಿಡೀ ಗೊರಗೊರ ಎಂದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಈಗ ಹಿಟ್ಟಿನ ಚೀಲದ ದಾರದಿಂದ ಹಿಡಿದು ತನ್ನ ಬೂಟಿನ ಲೇಸಿನವರೆಗೆ ಎಲ್ಲ ಬಿಚ್ಚಿ, ಕಿಟಕಿಗಳನ್ನೆಲ್ಲ ತೆರೆದ.

ಮೇಲೆ ಡಾರ್ಕಸ್ ಮೂಗು ಹಿಡಿದುಕೊಂಡು ಥೇಟ್ ಸ್ಪಿಂಕಳ ದನಿ ತೆಗೆದಳು. "ಎಲ್ಲಾ ಬಿಚ್ಚಪ್ಪಾ, ಎಲ್ಲಾ ಬಿಚ್ಚು. ನನ್ನ ಒಳಲಂಗದ ಲಾಡಿ ಒಂದು ಬಿಡು, ಮೇಲಿನ ಲೋಕದಲ್ಲಿ ಪಾದ್ರಿಗಳೂ ಇರ್ತಾರೆ." ಕೊನೆಯ ಮಾತಿಗೆ ಉಸಿರು ಸಾಲದೆ ಕೆಮ್ಮಿದಳು.

ಉಳಿದದ್ದು ಒಂದೇ ಬಾಗಿಲು. ಡಾರ್ಕಸಳ ಕೋಣೆಯಿಂದ ಚೀಸ್ ಅಟ್ಟಕ್ಕೆ ಹೋಗುವುದು. ಅಜ್ಜನ ಕಾಲದಲ್ಲಿ ಚೀಸ್ ಜೋಡಿಸಿಡುವ ಹಲಗೆಗಳು ಒಳಗೆ ಹಾಯಲೆಂದು, ಅದೇ ದಪ್ಪ ತೊಲೆಯ ಕೆಳಗಿನ ಎರಡು ಕಂಬಗಳನ್ನು ಕಿತ್ತು ಅಲ್ಲಿ ಅಗಲವಾದ ಓಕ್ ಬಾಗಿಲು ಕೂರಿಸಿದ್ದರು. ಮೂರು ಚಳಿಗಾಲದಿಂದ ಅದು ಮಿಸುಕಿರಲಿಲ್ಲ. ಮಳೆಗೆ ಮರ ಉಬ್ಬಿದೆ ಎಂದು ಎಲ್ಲರೂ ಸುಮ್ಮನಿದ್ದರು.

ಕೆಜಾಯಾ ಕೌದಿ ಕೊಡವುವಾಗ ಮೈದಾ ಹಿಟ್ಟಿನಂಥ ಪುಡಿ ಉದುರಿತು. ನಿನ್ನೆ ತಾನೇ ಕೊಡವಿ ಸ್ವಚ್ಛ ಮಾಡಿದ್ದಳು. ಕತ್ತೆತ್ತಿ ನೋಡಿದರೆ, ಸೂರು ಸೋರಿ ಕಪ್ಪಾಗಿದ್ದ ಕಡೆ ತೊಲೆಯ ತುದಿಯ ಗೂಟ ಬೆರಳುದ್ದ ಹೊರಗೆ ಬಂದಿತ್ತು. ತೊಲೆ ನಡುವಿನಲ್ಲಿ ಜಗ್ಗಿತ್ತು. ಅದು ಕೂತಿದ್ದ ಬಾಗಿಲಿನ ನೆತ್ತಿ ಜಜ್ಜಿ ಸೀಳು ಬಿಟ್ಟಿತ್ತು.

ಅವಳು ಕೆಳಗೆ ಓಡಿದಳು. "ಜೇಬೆಜ್, ಆ ಬಾಗಿಲು ಸಿಕ್ಕಿಕೊಂಡಿಲ್ಲ. ಹೊತ್ಕೊಂಡು ನಿಂತಿದೆ. ಹುಳ ಬಡೀತಿರೋದು ಅತ್ತೆಗಲ್ಲ, ಮನೆಗೆ."

ಜೇಬೆಜ್ ಬಾಗಿಲು ಮೀಟಲು ಹಾರೆ ಹುಡುಕುವುದನ್ನು ನಿಲ್ಲಿಸಲಿಲ್ಲ. "ಮುನ್ನೂರು ವರ್ಷ ನಿಂತ ತೊಲೆ ಇವತ್ತು ನಿನ್ನ ಕಣ್ಣಿಗೆ ಬಿತ್ತಾ? ನೀನು ಅಮ್ಮನ್ನ ಕಟ್ಟಿ ಹಾಕ್ತಿದ್ದೀಯ, ಕೆಜಾಯಾ. ಅವಳು ಒದ್ದಾಡೋದು ಕಾಣಲ್ವಾ ನಿನಗೆ?"

ಆ ಮಾತು ನಾಟಿತು, ಅರ್ಧ ನಿಜವಾದ್ದರಿಂದ. ವಾದಿಸಿ ಗೆಲ್ಲುವ ಹೊತ್ತಲ್ಲ ಎಂದು ತಿಳಿದು ಅವಳು ಮೇಲೆ ಹೋಗಿ, ಅತ್ತೆಯನ್ನು ಕೌದಿಯಲ್ಲಿ ಸುತ್ತಿ ಬೆನ್ನಿಗೇರಿಸಿಕೊಂಡಳು. ಸಾಯುವವರನ್ನು ಹಾಸಿಗೆಯಿಂದ ಕದಲಿಸಬಾರದು ಎಂಬ ಮಾತೂ ಆ ಊರಿನಲ್ಲಿತ್ತು. ಇರಲಿ ಎಂದುಕೊಂಡಳು.

ಹೊಗೆಗೂಡನ್ನು ಸುತ್ತಿ ಇಳಿಯುವ ಮೆಟ್ಟಿಲ ಮೇಲೆ, ಹಾರೆ ಮತ್ತು ಸುತ್ತಿಗೆ ಹಿಡಿದು ಏರುತ್ತಿದ್ದ ಜೇಬೆಜ್ ಎದುರಾದ. ಗೋಡೆಗೆ ಅಂಟಿ ದಾರಿ ಬಿಟ್ಟ. ಹೊರಗೆ ಜೋತಿದ್ದ ತಾಯಿಯ ಪಾದವನ್ನು ಕೌದಿಯೊಳಕ್ಕೆ ಸೇರಿಸಿದ.

"ಗಾಳಿ ಇದೆ. ಬಾಗಿಲು ತೆಗೆದ ಕೂಡ್ಲೆ ವಾಪಸ್ ಕರ್ಕೊಂಡು ಬಾ."

"ಬೇಡ, ಜೇಬೆಜ್. ನಮ್ಮ ಜೊತೆ ಬಾ."

ಅವನು ಹ್ಞೂಂ ಅನ್ನದೆ ಮೇಲೆ ಹೋದ.

ಸೇಬಿನ ಮರದ ಬುಡದಲ್ಲಿ ಅತ್ತೆಯನ್ನು ಇಳಿಸುತ್ತಿರುವಾಗ ಮೊದಲ ಪೆಟ್ಟು ಕೇಳಿತು. ಎರಡನೆಯದಕ್ಕೆ ಸೂರಿನ ಗುಬ್ಬಿಗಳು ಒಟ್ಟಿಗೆ ಎದ್ದವು. ಕೆಜಾಯಾ ಅವನ ಹೆಸರು ಹಿಡಿದು ಕೂಗುತ್ತ ಮನೆಯತ್ತ ಓಡಿದಳು. ಮೂರನೆಯ ಪೆಟ್ಟಿನ ಬೆನ್ನಿಗೇ ಒಳಗಿನಿಂದ ಒಂದು ದೀರ್ಘ ಸೀಳುಸದ್ದು. ಸೂರಿನ ನೆತ್ತಿ ಮುದಿ ಕುದುರೆಯ ಬೆನ್ನಿನಂತೆ ನಡುವೆ ಕುಸಿಯಿತು. ಗೋಡೆಯ ಮಣ್ಣು ಹೊಟ್ಟೆಯೊಡೆದು ಅಂಗಳಕ್ಕೆ ಸುರಿಯಿತು. ತೆರೆದಿದ್ದ ಕಿಟಕಿಗಳಿಂದೆಲ್ಲ ಧೂಳು ಹೊರಬಂತು.

ನೆರೆಯವರು ಬಂದು ತೊಲೆಯನ್ನು ಎತ್ತಿದರು. ಹೊರಗೆ ಕಬ್ಬಿಣದಂತಿದ್ದ ಅದರ ತುದಿ ಒಬ್ಬನ ಮುಷ್ಟಿಯಲ್ಲಿ ತಂಗಳು ರೊಟ್ಟಿಯಂತೆ ಪುಡಿಯಾಯಿತು. ಜೇಬೆಜ್‌ನನ್ನು ಹೊರತಂದು ಹುಲ್ಲಿನ ಮೇಲೆ ಮಲಗಿಸಿದರು, ಅವನಲ್ಲಿ ಉಸಿರಿರಲಿಲ್ಲ.

ಡಾರ್ಕಸ್ ತನ್ನನ್ನು ಅವನ ಪಕ್ಕಕ್ಕೆ ಒಯ್ಯಲು ಹೇಳಿದಳು. ಕೆಜಾಯಾ ಹಿಂದಿನಿಂದ ಅವಳ ಬೆನ್ನಿಗೆ ಎದೆಕೊಟ್ಟು ಕೂತಳು. ಮುದುಕಿ ಬಗ್ಗಿ ಮಗನ ಕೂದಲಲ್ಲಿದ್ದ ಮರದ ಪುಡಿಯನ್ನು ಊದಿದಳು. ಏದುಸಿರು ಬಿಟ್ಟಳು, ಸುಧಾರಿಸಿಕೊಂಡಳು, ಮತ್ತೆ ಊದಿದಳು. ಎಷ್ಟು ಊದಿದರೂ ಅದು ಮುಗಿಯಲಿಲ್ಲ.