ಕೇಳೋದಕ್ಕೇನೂ ಖರ್ಚಿಲ್ಲ

ಮೂರನೇ ಮಹಡಿಯ ಆ ಎರಡು ಕೋಣೆಯ ಮನೆಯನ್ನು ಕೊಂಡಾಗ ಬ್ಯಾಂಕಿನವರು ಇಪ್ಪತ್ತು ವರ್ಷದ ಕಂತು ಹಾಕಿಕೊಟ್ಟಿದ್ದರು. ಮನೆ ಸೇರಿದ ಮೊದಲ ವಾರವೇ ಗಂಡ ಹೆಂಡತಿ ನೆಲದ ಮೇಲೆ ಚಾಪೆ ಹಾಸಿ ಕೂತು, ಒಂಬತ್ತೇ ವರ್ಷದಲ್ಲಿ ಸಾಲ ತೀರಿಸಿ ಕೈತೊಳೆದುಕೊಳ್ಳಬೇಕೆಂದು ತೀರ್ಮಾನಿಸಿದರು. ಚಾಪೆ ಏಕೆಂದರೆ ಕೂರಲು ಕುರ್ಚಿ ಇರಲಿಲ್ಲ. ಕುರ್ಚಿ ಬಂದದ್ದು ಎರಡು ವರ್ಷದ ಮೇಲೆ, ಅದೂ ಕೆಳಗಿನ ಮನೆಯವರು ಖಾಲಿ ಮಾಡುವಾಗ ಬಿಟ್ಟುಹೋದದ್ದು.

ಗಂಡ ಲಿಫ್ಟ್ ರಿಪೇರಿಯವನು. ಪೇಟೆಯ ದೊಡ್ಡ ದೊಡ್ಡ ಕಟ್ಟಡಗಳ ಲಿಫ್ಟುಗಳು ಅವನ ಕೈಗುಣದಿಂದ ಏರಿಳಿಯುತ್ತಿದ್ದವು. ಅವನಿದ್ದ ಕಟ್ಟಡಕ್ಕೆ ಮಾತ್ರ ಲಿಫ್ಟೇ ಇರಲಿಲ್ಲ. ಅದಕ್ಕೇ ಅಲ್ಲಿ ಮನೆ ಅಗ್ಗಕ್ಕೆ ಸಿಕ್ಕಿತ್ತು. ಜೊತೆ ಕೆಲಸಗಾರರು ಅವನಿಗೆ ಜುಗ್ಗಣ್ಣ ಅಂತ ಹೆಸರಿಟ್ಟಿದ್ದರು. ಅವನಿಗೆ ಬೇಸರವೇನೂ ಇರಲಿಲ್ಲ. "ಪುಕ್ಕಟೆ ಕೊಟ್ಟಿದಾರೆ, ಬೇಡ ಅನ್ನೋಕಾಗುತ್ತಾ?" ಅನ್ನುತ್ತಿದ್ದ. ಹೆಂಡತಿ ಒಂದು ಬಟ್ಟೆ ಅಂಗಡಿಯ ಹಿಂಬದಿ ಕೋಣೆಯಲ್ಲಿ ಕೂತು ಗಿರಾಕಿಗಳ ಪ್ಯಾಂಟು ಗಿಡ್ಡ ಮಾಡುತ್ತ, ಸೊಂಟ ಬಿಡಿಸುತ್ತ, ಜಿಪ್ಪು ಬದಲಿಸುತ್ತ ದುಡಿಯುತ್ತಿದ್ದಳು. ಅಂಗಡಿಯಲ್ಲಿ ಎಲ್ಲರಿಗೂ ಅವಳು ಟೈಲರಕ್ಕ. ಇವರಿಬ್ಬರ ಜೊತೆಗೆ ಜುಗ್ಗಣ್ಣನ ತಾಯಿ, ಮತ್ತೆ ಒಬ್ಬಳೇ ಪುಟ್ಟ ಮಗಳು. ಮಗಳನ್ನು ಮನೆಯಲ್ಲಿ ಗುಬ್ಬಿ ಅನ್ನುತ್ತಿದ್ದರು.

ಮನೆಯ ರೀತಿನೀತಿ ಹೀಗಿತ್ತು. ಒಂದು ಹೊತ್ತಿಗೆ ಒಂದೇ ದೀಪ. ಟೂತ್‌ಪೇಸ್ಟಿನ ಟ್ಯೂಬು ಚಪ್ಪಟೆಯಾದ ಮೇಲೆ ಕತ್ತರಿಯಲ್ಲಿ ಸೀಳಿ ಇನ್ನೂ ನಾಲ್ಕು ದಿನ. ತಲೆಗೂದಲು ಜುಗ್ಗಣ್ಣನೇ ಕತ್ತರಿಸುತ್ತಿದ್ದ, ತನ್ನದನ್ನು ಕನ್ನಡಿ ನೋಡಿಕೊಂಡು, ಮಗಳದನ್ನು ಸ್ಟೀಲಿನ ಅಳತೆಪಟ್ಟಿ ಹಿಡಿದು. ಗುಬ್ಬಿಯ ಅಂಗಿಯ ತೋಳು ಗಿಡ್ಡವಾದರೆ ಬೇರೆ ಬಣ್ಣದ ಪಟ್ಟಿ ಸೇರಿಸಿ ಉದ್ದ ಮಾಡಲಾಗುತ್ತಿತ್ತು. ಟೈಲರಕ್ಕ ಅದನ್ನು ಎಷ್ಟು ನೀಟಾಗಿ ಮಾಡುತ್ತಿದ್ದಳೆಂದರೆ ನೋಡಿದವರು ಹೊಸ ಫ್ಯಾಷನ್ ಅಂದುಕೊಳ್ಳಬೇಕು. ಅಲ್ಮೇರಾದ ಬಾಗಿಲಿಗೆ ಚೌಕುಳಿ ಹಾಳೆಯೊಂದನ್ನು ಅಂಟಿಸಿದ್ದರು. ಕಂತಿನ ಮೇಲೆ ಹೆಚ್ಚಿಗೆ ಕಟ್ಟಿದಾಗಲೆಲ್ಲ ಜುಗ್ಗಣ್ಣ ಪೆನ್ಸಿಲಿನಿಂದ ಒಂದು ಚೌಕ ಕಪ್ಪು ಮಾಡುತ್ತಿದ್ದ. ಪೆನ್ಸಿಲು ಕೂಡ ಗುಬ್ಬಿ ಬರೆದು ಸವೆಸಿದ ಹೆಬ್ಬೆಟ್ಟಿನುದ್ದದ ತುಂಡು.

ಇದನ್ನೆಲ್ಲ ಹೇಳಿದರೆ ಅವರೇನೋ ಕಷ್ಟದಲ್ಲಿದ್ದರು ಅನ್ನಿಸಬಹುದು. ಹಾಗೇನಿರಲಿಲ್ಲ. ಹೊಟ್ಟೆಗೆ ಕಡಿಮೆ ಮಾಡಿದವರಲ್ಲ. ಟೈಲರಕ್ಕನಿಗಂತೂ ಅದೊಂದು ಆಟದ ಹಾಗೆ ಹಿಡಿಸಿಬಿಟ್ಟಿತ್ತು. ಬೇರೆಯವರು ಬಿಸಾಡುವ ಗುಂಡಿ, ದಾರ, ಅಸ್ತರುಗಳಿಂದ ಏನೋ ಒಂದು ಮಾಡಿ ಮುಗಿಸಿದಾಗ ಅವಳಿಗೆ ಒಳಗೊಳಗೇ ಹಿಗ್ಗು. ಅತ್ತೆ ಮಾತ್ರ ಆಗಾಗ ಗೊಣಗುವರು: "ಉಳಿಸಿ ಉಳಿಸಿ ಕೊನೆಗೆ ಉಸಿರಾಡೋದನ್ನೂ ಅರ್ಧಕ್ಕೆ ಇಳಿಸ್ತೀರ ನೀವು." ಗುಬ್ಬಿ ಏನೂ ಅನ್ನುತ್ತಿರಲಿಲ್ಲ. ಅದು ಬೇಕು ಇದು ಬೇಕು ಅಂತ ರಚ್ಚೆ ಹಿಡಿಯುವ ಮಗುವೇ ಅಲ್ಲ. "ನಮ್ಮ ಗುಬ್ಬಿ ಬಂಗಾರ, ಏನೂ ಕೇಳಲ್ಲ" ಅಂತ ಟೈಲರಕ್ಕ ಅಂಗಡಿಯಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು.

ಮನೆ ಕೊಂಡ ನಾಲ್ಕನೇ ವರ್ಷದ ಚಳಿಗಾಲ, ಗುಬ್ಬಿಗೆ ಆಗ ಎಂಟು. ಒಂದು ಶನಿವಾರ ಬೆಳಿಗ್ಗೆ ಯಾರೋ ಬಾಗಿಲು ತಟ್ಟಿದರು. ತೆಗೆದು ನೋಡಿದರೆ ಗುಬ್ಬಿಯ ಕ್ಲಾಸ್ ಟೀಚರ್. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದರು. ಒಂದೊಂದು ಕೈಯಲ್ಲಿ ಒಂದೊಂದು ತುಂಬಿದ ಚೀಲ.

"ಮಗಳು ಇದಾಳಾ?"

"ಅವಳಪ್ಪನ ಜೊತೆ ಲೈಬ್ರರಿಗೆ ಹೋಗಿದಾಳೆ. ಒಳಗೆ ಬನ್ನಿ ಟೀಚರ್. ಏನಾದ್ರೂ ತಂಟೆ ಮಾಡಿದ್ಲಾ?"

"ಛೇ ಛೇ. ಅವಳಿಲ್ಲದೆ ಇರೋದೇ ಒಳ್ಳೇದಾಯ್ತು."

ಟೀಚರ್ ಇದ್ದ ಒಂದೇ ಕುರ್ಚಿಯಲ್ಲಿ ಕೂತರು. ಚೀಲಗಳನ್ನು ಕಾಲಬಳಿ ಇಟ್ಟರು. ಒಂದರಲ್ಲಿ ಅಕ್ಕಿ, ಎಣ್ಣೆ, ಸಕ್ಕರೆ, ಸೋಪು. ಇನ್ನೊಂದರಿಂದ ನೀಲಿ ಜಾಕೆಟ್ಟಿನ ತೋಳು ಇಣುಕುತ್ತಿತ್ತು.

"ನೀವು ತಪ್ಪು ತಿಳ್ಕೋಬಾರದು," ಅಂದರು ಟೀಚರ್, ಮನೆಯಿಂದ ಬಾಯಿಪಾಠ ಮಾಡಿಕೊಂಡು ಬಂದವರ ಹಾಗೆ. "ಕಷ್ಟ ಮನುಷ್ಯರಿಗಲ್ಲದೆ ಮರಕ್ಕೆ ಬರುತ್ತಾ? ನಾವು ಟೀಚರ್‌ಗಳೆಲ್ಲ ಸೇರಿ ಸ್ವಲ್ಪ ಹಾಕಿದೀವಿ. ಜಾಕೆಟ್ಟು ಇನ್ನೊಂದು ಮಗುವಿನ ಅಮ್ಮ ಕೊಟ್ಟಿದ್ದು. ಯಾರಿಗೆ ಅಂತ ಅವರಿಗೆ ಹೇಳಿಲ್ಲ."

ಟೈಲರಕ್ಕನಿಗೆ ಮೊದಲು ತಲೆಬುಡ ತಿಳಿಯಲಿಲ್ಲ. ಆಮೇಲೆ ಜಾಕೆಟ್ಟು ನೋಡಿದಳು. ಆ ಜಿಪ್ಪು ಹೋದ ತಿಂಗಳು ಅವಳೇ ಹಾಕಿದ್ದು. ಕೊನೆಯಲ್ಲಿ ಮೂರು ಸಲ ಹಿಂದೆ ಮುಂದೆ ಓಡಿಸಿದ ಹೊಲಿಗೆ ಅವಳದೇ. ಕೊಟ್ಟ ಹೆಂಗಸಿನ ಮುಖವೂ ನೆನಪಾಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಟೀಚರ್, ನಮಗೆ ಕಷ್ಟ ಅಂತ ಯಾರು ಹೇಳಿದ್ದು?"

ಟೀಚರ್ ಕೈಚೀಲದಿಂದ ನೋಟುಬುಕ್ಕು ತೆಗೆದು ಕೊಟ್ಟರು. 'ನಮ್ಮ ಮನೆ' ಅಂತ ಪ್ರಬಂಧ. ಗುಬ್ಬಿಯ ದುಂಡಗಿನ ಅಕ್ಷರ.

'ನಮ್ಮ ಮನೆಯಲ್ಲಿ ಒಂದು ದೀಪ ಉರಿಯುತ್ತದೆ. ನಮ್ಮ ಮನೆ ನಮ್ಮದಲ್ಲ, ಬ್ಯಾಂಕಿನದು. ದುಡ್ಡು ಕೊಡದಿದ್ದರೆ ಅವರು ನಮ್ಮ ಪಾತ್ರೆಗಳನ್ನು ಬೀದಿಗೆ ಹಾಕುತ್ತಾರೆ. ಅಮ್ಮ ಎಲ್ಲದಕ್ಕೂ ಮುಂದೆ ನೋಡೋಣ ಎನ್ನುತ್ತಾಳೆ. ಅಪ್ಪ ನನ್ನ ತಲೆ ಕತ್ತರಿಸುತ್ತಾರೆ. ನಾನು ಜಾಸ್ತಿ ಬೆಳೆಯಬಾರದು ಎಂದು ಪ್ರಯತ್ನ ಮಾಡುತ್ತಿದ್ದೇನೆ.'

ಒಳಗಿನಿಂದ ಬಂದ ಅಜ್ಜಿ ಸೊಸೆಯ ಹೆಗಲ ಮೇಲಿನಿಂದ ಬಗ್ಗಿ ಓದಿ, "ಒಂದಕ್ಷರ ಸುಳ್ಳಿಲ್ಲ ನೋಡು," ಅಂದರು.

"ಅತ್ತೆ, ನೀವು ಸುಮ್ಮನಿರಿ." ಟೈಲರಕ್ಕನ ಕಿವಿ ಬಿಸಿಯಾಗಿತ್ತು. ನಾವಿಬ್ಬರೂ ದುಡಿಯುತ್ತೀವಿ, ದುಡ್ಡಿಲ್ಲದೆ ಅಲ್ಲ, ಸಾಲ ಬೇಗ ತೀರಲಿ ಅಂತ ಹೀಗೆ, ಅಂತೆಲ್ಲ ಟೀಚರಿಗೆ ವಿವರಿಸಿದಳು. ಹೇಳುತ್ತ ಹೇಳುತ್ತ ಅವಳಿಗೇ ತನ್ನ ಮಾತು ನೆಪದ ಹಾಗೆ ಕೇಳಿಸಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಕೇಳದೆ ಇದ್ದದ್ದಕ್ಕೂ ಸಮಜಾಯಿಷಿ ಕೊಟ್ಟಳು.

ಟೀಚರ್ ಮುಖ ಕೆಂಪಾಯಿತು. "ಅಯ್ಯೋ, ನಾನೇ ವಿಚಾರಿಸಬೇಕಿತ್ತು. ಆದ್ರೆ ಪ್ರಬಂಧ ಒಂದೇ ನೋಡಿ ಬಂದಿಲ್ಲ ನಾನು. ತಾರಾಲಯಕ್ಕೆ ಕ್ಲಾಸಿನವರನ್ನೆಲ್ಲ ಕರ್ಕೊಂಡು ಹೋದ್ವಲ್ಲ, ಇವಳೊಬ್ಬಳೇ ಬರಲಿಲ್ಲ. ಬಸ್ಸಲ್ಲಿ ವಾಂತಿಯಾಗುತ್ತೆ ಅಂತ ನೀವೇ ಬೇಡ ಅಂದ್ರಂತೆ. ಅವತ್ತಿಡೀ ಒಂದನೇ ಕ್ಲಾಸಿನ ಮಕ್ಕಳ ಜೊತೆ ಕೂತಿದ್ಲು."

"ಯಾವ ತಾರಾಲಯ?" ಅಂದಳು ಟೈಲರಕ್ಕ.

ಟೀಚರ್ ಚಹಾ ಕುಡಿದು, ಚೀಲಗಳನ್ನು ಮತ್ತೆ ಎರಡೂ ಕೈಗೆ ಹಂಚಿಕೊಂಡು ಇಳಿದು ಹೋದರು. ನಿಜವಾಗಿ ಬೇಕಾದ ಮನೆ ಇನ್ನೊಂದಿದೆ, ಅಲ್ಲಿಗೆ ಕೊಡುತ್ತೇನೆ ಅಂದರು. ಎರಡನೇ ಮಹಡಿಯ ತನಕ ಟೈಲರಕ್ಕ ಅಕ್ಕಿ ಚೀಲಕ್ಕೆ ಕೈ ಹಚ್ಚಿದಳು. ಅಲ್ಲಿಂದ ಮುಂದೆ ಟೀಚರೇ ಬೇಡವೆಂದರು.

ಮಧ್ಯಾಹ್ನ ಅಪ್ಪ ಮಗಳು ಬಂದರು. ಟೈಲರಕ್ಕ ಗುಬ್ಬಿಯನ್ನು ಹೊಲಿಗೆ ಮಿಷನ್ನಿನ ಪಕ್ಕ ಕೂರಿಸಿಕೊಂಡು ಕೇಳಿದಳು. ಬೈಯಬೇಕು ಅಂದುಕೊಂಡೇ ಶುರುಮಾಡಿದ್ದಳು.

"ತಾರಾಲಯದ ಚೀಟಿ ಯಾಕೆ ನಂಗೆ ತೋರಿಸ್ಲಿಲ್ಲ?"

"ದುಡ್ಡು ಬರೆದಿತ್ತು ಅದ್ರಲ್ಲಿ."

"ಬರೆದಿದ್ರೆ? ಕೇಳಬಾರದಿತ್ತಾ?"

"ನೀನು ಮುಂದೆ ನೋಡೋಣ ಅಂತಿದ್ದೆ." ಗುಬ್ಬಿ ಅಳುತ್ತಿರಲಿಲ್ಲ. ಲೆಕ್ಕ ಒಪ್ಪಿಸುವ ಹಾಗೆ ಹೇಳುತ್ತಿದ್ದಳು. "ಬೇಡ ಅಂದಾಗ ನಿನ್ನ ಮುಖ ಒಂಥರಾ ಆಗುತ್ತಮ್ಮ. ಅದಕ್ಕೇ ಕೇಳ್ಲಿಲ್ಲ."

ಏನೂ ಕೇಳಲ್ಲ ಅಂತ ಊರೆಲ್ಲ ಹೇಳಿಕೊಂಡು ಬಂದದ್ದು ಟೈಲರಕ್ಕನಿಗೆ ನೆನಪಾಯಿತು. ಮಗಳ ತಲೆ ನೇವರಿಸಿದಳು. ಕೂದಲು ಅಳತೆಪಟ್ಟಿಯಷ್ಟೇ ನೇರವಾಗಿತ್ತು.

ಸಂಜೆ ಗುಬ್ಬಿ ಕೆಳಗೆ ಆಡಲು ಹೋದಾಗ ಅವಳು ಗಂಡನ ಮುಂದೆ ವಿಷಯ ತೆಗೆದಳು.

"ರೀ, ತಿಂಗಳು ತಿಂಗಳು ಹೆಚ್ಚಿಗೆ ಕಟ್ತೀವಲ್ಲ, ಅದ್ರಲ್ಲಿ ಒಂದು ಪಾಲು ಮಗುಗೆ ಅಂತ ಬೇರೆ ಇಡೋಣ."

ಜುಗ್ಗಣ್ಣ ಅಲ್ಮೇರಾದ ಹಾಳೆಯನ್ನೇ ನೋಡುತ್ತ ಮನಸ್ಸಿನಲ್ಲೇ ಕೂಡಿ ಕಳೆದ. "ಒಂದು ವರ್ಷ ಮುಂದಕ್ಕೆ ಹೋಗುತ್ತೆ. ಮೇಲೆ ಒಂದೆರಡು ತಿಂಗಳು."

"ಹೋಗಲಿ."

"ನಿಂಗೆ ಗೊತ್ತಿಲ್ಲ ಕಣೇ. ಬೀದಿಯಲ್ಲಿ ನಿಂತವರಿಗೆ ಗೊತ್ತು ಮನೆ ಅಂದ್ರೇನು ಅಂತ. ನಾನಾಗ ಹತ್ತು ವರ್ಷದವನು. ಬಾಡಿಗೆ ಮನೆಯಿಂದ ನಮ್ಮನ್ನ ಹೊರಗೆ ಹಾಕಿದ್ರು. ಪಾತ್ರೆ ಪಡಗ ಎಲ್ಲ ತಳ್ಳುಗಾಡಿ ಮೇಲೆ. ಬೀದಿಯವರೆಲ್ಲ ನಿಂತು ನೋಡ್ತಿದ್ರು."

ಈ ಕಥೆಯನ್ನು ಟೈಲರಕ್ಕ ಮದುವೆಯಾದಾಗಿನಿಂದ ಕೇಳುತ್ತಿದ್ದಳು. ಗುಬ್ಬಿಯೂ ಕೇಳಿದ್ದಳು, ಪ್ರಬಂಧದ ಪಾತ್ರೆಗಳು ಬೀದಿಗೆ ಬಿದ್ದದ್ದು ಅಲ್ಲಿಂದಲೇ. ಆದರೆ ಆವತ್ತು ಮೂಲೆಯಲ್ಲಿ ಕಾಳು ಆರಿಸುತ್ತಿದ್ದ ಅಜ್ಜಿ ತಟ್ಟೆ ಕೆಳಗಿಟ್ಟರು.

"ಯಾರೋ ಹೊರಗೆ ಹಾಕಿದ್ದು?"

"ಮನೆ ಓನರು."

"ನಿನ್ನ ತಲೆ. ಅವನೇನು ಹಾಕೋದು, ನಾನೇ ಬಿಟ್ಟೆ. ಎರಡು ತಿಂಗಳ ಬಾಡಿಗೆ ಬಾಕಿ ಇತ್ತು, ಇಲ್ಲ ಅನ್ನಲ್ಲ. ಆದ್ರೆ ಆ ಮನೆ ಗೋಡೆ ನೀರು ಕುಡಿದು ಕುಡಿದು ನಿನಗೆ ವರ್ಷವಿಡೀ ಕೆಮ್ಮು. ಫ್ಯಾಕ್ಟರಿ ಹತ್ರ ಒಂದು ಕೋಣೆ ಸಿಕ್ತು, ಗಾಡಿ ತರಿಸಿದೆ, ಹೊರಟೆ. ಬಾಕಿ ಆಮೇಲೆ ತೀರಿಸಿದೆ. ದಾರಿಯುದ್ದಕ್ಕೂ ನೀನು ಗಾಡಿ ಮೇಲೆ ಕೂತು ಹಾಡು ಹೇಳ್ಕೊಂಡು ಬಂದೆ. ಇಳಿಯೋ ಅಂದ್ರೂ ಇಳೀಲಿಲ್ಲ."

"ನಾನು ಅತ್ತಿದ್ದು ಜ್ಞಾಪಕ ಇದೆ ನಂಗೆ."

"ಅತ್ತಿದ್ದು ಹೌದು. ಗಾಡಿಯಿಂದ ಇಳಿಸಿದ ಮೇಲೆ."

ಟೈಲರಕ್ಕನಿಗೆ ನಗು ತಡೆಯಲಾಗಲಿಲ್ಲ. ಜುಗ್ಗಣ್ಣನ ಮುಖ ಹುಳ್ಳಗಾಯಿತು. ಮೂವತ್ತು ವರ್ಷ ಹೊತ್ತುಕೊಂಡು ತಿರುಗಿದ್ದನ್ನು ಯಾರೋ ಅದು ನಿಂದಲ್ಲ, ಕೆಳಗಿಡು ಅಂದರೆ ಹೇಗಾಗಬೇಡ? "ಈಗ ಹೀಗೆ ಹೇಳ್ತೀಯ ನೀನು," ಅಂತ ಗೊಣಗಿ ಎದ್ದುಹೋದ. ಮೂರು ದಿನ ತಾಯಿಯ ಜೊತೆ ಅರ್ಧಂಬರ್ಧ ಮಾತು. ನಾಲ್ಕನೇ ದಿನ ಸಂಬಳ ತಂದಾಗ ಅದರಲ್ಲಿ ಒಂದು ಪಾಲು ಎತ್ತಿ ಹೆಂಡತಿಯ ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ ಹಾಕಿದ.

ಮುಂದಿನ ಭಾನುವಾರ ನಾಲ್ವರೂ ತಾರಾಲಯಕ್ಕೆ ಹೋದರು. ದೀಪ ಆರಿಸಿ ಮೇಲೆ ನಕ್ಷತ್ರ ತೋರಿಸುತ್ತಲೇ ಅಜ್ಜಿ ಒರಗುವ ಕುರ್ಚಿಯಲ್ಲಿ ಗೊರಕೆ ಹೊಡೆಯತೊಡಗಿದರು. ಹೊರಗೆ ಬಂದ ಮೇಲೆ ಜುಗ್ಗಣ್ಣ, "ನಿದ್ದೆ ಮಾಡಿದವರ ಟಿಕೆಟ್ ದುಡ್ಡು ವಾಪಸ್ ಕೊಡ್ತಾರಾ ಅಂತ ಕೇಳ್ಲಾ?" ಅಂದ. ಗುಬ್ಬಿ ನಿಜವೇನೋ ಅಂದುಕೊಂಡು ಅವನ ಕೈ ಹಿಡಿದು ಎಳೆದಳು. ಮನೆಗೆ ಬರುವ ತನಕ ಅವಳು ಶನಿಗ್ರಹದ ಬಳೆಯ ವಿಷಯವೇ ಮಾತಾಡಿದಳು. ಬಸ್ಸಿನಲ್ಲಿ ವಾಂತಿಯೇನೂ ಆಗಲಿಲ್ಲ.

ಟೈಲರಕ್ಕ ಮಗಳಿಗೆ ಹೇಳಿದ್ದು ಇಷ್ಟೇ: "ಏನು ಬೇಕಾದ್ರೂ ಕೇಳು. ನಾವು ಬೇಡ ಅನ್ನಬಹುದು, ನನ್ನ ಮುಖ ಒಂಥರಾ ಆಗಬಹುದು. ಆಗಲಿ ಬಿಡು. ಕೇಳೋದಕ್ಕೇನೂ ಖರ್ಚಿಲ್ಲ."

ಗುಬ್ಬಿ ಅದನ್ನು ಅಕ್ಷರಶಃ ತೆಗೆದುಕೊಂಡಳು. ಒಡ್ಡು ಒಡೆದ ಕೆರೆಯ ಹಾಗೆ ಶುರುವಾಯಿತು. ನಾಯಿ ಬೇಕು. ಡೋಲು ಬೇಕು. ದುರ್ಬೀನು. ನಾಯಿ ಇಲ್ಲದಿದ್ದರೆ ಆಮೆ. ಅಪ್ಪನ ಬದಲು ಕ್ಷೌರದಂಗಡಿಯವರು ಕೂದಲು ಕತ್ತರಿಸಬೇಕು. ತನ್ನದೇ ಕೋಣೆ. ನಿಜವಾದ ಕುದುರೆ, ಅಥವಾ ಕಾಲಿಗೆ ಕಟ್ಟಿಕೊಳ್ಳುವ ಸ್ಕೇಟು. ಹತ್ತರಲ್ಲಿ ಎಂಟಕ್ಕೆ ಬೇಡ ಅಂದರು, ಕುದುರೆಗೆ ಅಜ್ಜಿಯೇ ಖುದ್ದಾಗಿ ಬೇಡ ಅಂದರು. ಬೇಡ ಅಂದರೆ ಗುಬ್ಬಿ ಸ್ವಲ್ಪ ಹೊತ್ತು ಮುಖ ಊದಿಸಿಕೊಳ್ಳುತ್ತಿದ್ದಳು, ಬಾಗಿಲು ದಡಾರೆಂದು ಹಾಕುತ್ತಿದ್ದಳು. ಮೊದಲ ಸಲ ಬಾಗಿಲು ಬಡಿದ ಸದ್ದಿಗೆ ಟೈಲರಕ್ಕನಿಗೆ ಯಾಕೋ ಸಮಾಧಾನವಾಯಿತು. ಹತ್ತನೇ ಸಲಕ್ಕೆ ಮಾತ್ರ ಮೈ ಉರಿಯಿತು. ಕೂದಲಿನ ಕೋರಿಕೆ ಮಂಜೂರಾಯಿತು. ಸ್ಕೇಟು ಹಳೆಯದು ಸಿಕ್ಕಿತು, ಜುಗ್ಗಣ್ಣ ಲಿಫ್ಟಿಗೆ ಹಾಕುವ ಗ್ರೀಸು ಹಚ್ಚಿ ಹೊಸದರ ಹಾಗೆ ಮಾಡಿಕೊಟ್ಟ.

ಉಳಿದಂತೆ ಮನೆ ಮೊದಲಿನ ಹಾಗೇ ನಡೆಯಿತು. ಅವರೇನೂ ದುಂದುಗಾರರಾಗಲಿಲ್ಲ. ಒಂದು ವರ್ಷ ಜುಗ್ಗಣ್ಣನ ಕೈಮೂಳೆ ಮುರಿದು ಎರಡು ತಿಂಗಳು ಓವರ್‌ಟೈಮ್ ಇಲ್ಲದಾಯಿತು. ಇನ್ನೊಂದು ವರ್ಷ ಟೈಲರಕ್ಕನ ಅಂಗಡಿಯವರು ಕೂಲಿ ಹೆಚ್ಚಿಸಿದರು. ಹೀಗೆ ಅಲ್ಲಿಗಲ್ಲಿಗೆ ಸರಿಹೋಗಿ, ಹತ್ತು ವರ್ಷ ಮೂರು ತಿಂಗಳಿಗೆ ಕೊನೆಯ ಕಂತು ಕಟ್ಟಿದರು.

ಮನೆಯ ಪತ್ರಗಳನ್ನು ಬಿಡಿಸಿಕೊಳ್ಳಲು ಆ ಶುಕ್ರವಾರ ಬ್ಯಾಂಕಿಗೆ ಎಲ್ಲರೂ ಹೋದರು. ಅಜ್ಜಿಗೆ ಮಂಡಿನೋವು, ಆದರೂ ಬಿಡಲಿಲ್ಲ. ಗುಮಾಸ್ತ ಇಪ್ಪತ್ತು ನಿಮಿಷ ಅದೂ ಇದೂ ಒತ್ತಿ, ಸಹಿ ಹಾಕಿಸಿಕೊಂಡು, ಕಾಗದಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕಿಟಕಿಯಿಂದ ತಳ್ಳಿ "ನೆಕ್ಸ್ಟ್" ಅಂದ. ಅಷ್ಟೇ. ಟೈಲರಕ್ಕ ಏನೋ ಆಗುತ್ತದೆ ಅಂದುಕೊಂಡಿದ್ದಳು, ಅಳು ಬರುತ್ತದೇನೋ ಅಂತ ಕರ್ಚೀಫು ಬೇರೆ ಹಿಡಿದುಕೊಂಡಿದ್ದಳು. ಏನೂ ಆಗಲಿಲ್ಲ. ಬೆನ್ನು ನೋಯುತ್ತಿತ್ತು, ಹಸಿವಾಗಿತ್ತು. ಮನೆಗೆ ಬಂದು ಬಾಗಿಲು ತೆಗೆದು ಒಳಗೆ ಕಾಲಿಟ್ಟಾಗ ಮಾತ್ರ ಒಂದು ಕ್ಷಣ ನಿಂತಳು. ಗೋಡೆಯನ್ನು ಅಂಗೈಯಿಂದ ಒಮ್ಮೆ ಸವರಿದಳು. ಬಣ್ಣ ಹೊಡೆಸಬೇಕು ಅನ್ನಿಸಿತು.

ಊಟದ ಹೊತ್ತಿಗೆ ಗುಬ್ಬಿ ಕಾಗದಗಳನ್ನು ಒಂದೊಂದಾಗಿ ಓದುತ್ತಿದ್ದಳು. ಈಗ ಅವಳಿಗೆ ಹದಿನಾಲ್ಕು.

"ಅಪ್ಪಾ, ಇಲ್ಲಿ ನಿನ್ನ ಹೆಸರಲ್ಲಿ ಒಂದಕ್ಷರ ತಪ್ಪಿದೆ."

ಜುಗ್ಗಣ್ಣ ಕೈ ಒರೆಸಿಕೊಂಡು ಎದ್ದು ಬಂದ. ಕನ್ನಡಕ ಹಾಕಿ ನೋಡಿದ, ತೆಗೆದು ನೋಡಿದ. ತಪ್ಪಿತ್ತು.

"ಹಂಗಾದ್ರೆ ಈ ಮನೆ ಯಾರೋ ಬೇರೆಯವನದು," ಅಂದರು ಅಜ್ಜಿ. "ಬರಲಿ, ಬಂದರೆ ಮೂರು ಮಹಡಿ ಹತ್ತಬೇಕಲ್ಲ."

ಸೋಮವಾರ ಅವನು ಅರ್ಧ ದಿನ ರಜೆ ಹಾಕಿ ಮತ್ತೆ ಅದೇ ಕ್ಯೂನಲ್ಲಿ ನಿಂತ. ಹನ್ನೊಂದೂವರೆಗೆ ಸರಿಯಾದ ಕಾಗದ ಕೈಗೆ ಬಂತು. ಅಷ್ಟರಲ್ಲಿ ಆಸ್ಪತ್ರೆಯ ಲಿಫ್ಟು ಎರಡನೇ ಮಹಡಿಗೂ ಮೂರನೇ ಮಹಡಿಗೂ ನಡುವೆ ಸಿಕ್ಕಿಕೊಂಡಿದೆ ಅಂತ ಫೋನು ಬಂದಿತ್ತು. ಕಾಗದವನ್ನು ಅಂಗಿಯೊಳಗೆ ಎದೆಗೆ ಸೇರಿಸಿಟ್ಟುಕೊಂಡು, ಅರ್ಧ ದಿನದ ರಜೆಯಲ್ಲಿ ಇನ್ನೂ ಒಂದು ಗಂಟೆ ಬಾಕಿ ಇದ್ದರೂ, ಜುಗ್ಗಣ್ಣ ಆ ಕಡೆ ಹೊರಟ.