ಬಾವಿ ನೀರಿನ ತೊಟ್ಟಿ

ಗೋಡೆಯ ಮೇಲೆ ಬೆಳಕು ಅಲುಗುತ್ತಿದೆ, ಗಾಜಿನ ತೊಟ್ಟಿಯೊಳಗೆ ಒಂದು ಮೀನು ಹೊರಳಿದರೆ ಸಾಕು, ಗೋಡೆಯೆಲ್ಲ ನೀರಾಗುತ್ತದೆ, ಮಗಳ ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಸ್ಟೂಲಿನಲ್ಲಿ ಕೂತಿದ್ದೇನೆ, ಆರಿಹೋಯಿತೇನೋ, ಇವಳು ತಲೆ ಎತ್ತಲೊಲ್ಲಳು, ಸೂಕ್ಷ್ಮದರ್ಶಕದ ಮೇಲೆ ಬಗ್ಗಿ ಒಂದು ಗಾಜಿನ ಪಟ್ಟಿ ತೆಗೆಯುತ್ತಾಳೆ, ಇನ್ನೊಂದು ಇಡುತ್ತಾಳೆ, ಮತ್ತೆ ಮೊದಲಿನದನ್ನೇ ಇಡುತ್ತಾಳೆ — ಉಣ್ಣೇ ತಾಯಿ, ಕೊಯ್ದ ಮೀನು ಎಲ್ಲಿಗೆ ಓಡಿಹೋಗುತ್ತೆ, ಅಂದೆ, ಬೇರೆ ದಿನವಾಗಿದ್ದರೆ ನಗುತ್ತಿದ್ದಳು. ನನಗೆ ಓದು ಹತ್ತಲಿಲ್ಲ, ಆದರೂ ಇವಳ ಕೆಲಸ ಗೊತ್ತು, ಇವಳೇ ಹೇಳಿದ್ದು, ಹಾರ್ಮೋನು ಅಂದ್ರೆ ಮೈ ತನಗೆ ತಾನೇ ಕಳಿಸಿಕೊಳ್ಳೋ ಸುದ್ದಿ ಅಪ್ಪ, ಕಾರ್ಖಾನೆಯಿಂದ ಹೊಳೆಗೆ ಬೀಳೋ ವಿಷ ಇದೆಯಲ್ಲ, ಅದು ಕೊಲ್ಲೋದಿಲ್ಲ, ಸುಳ್ಳು ಸುದ್ದಿ ಕೊಡುತ್ತೆ, ಗಂಡು ಮೀನಿಗೆ ನೀನು ಹೆಣ್ಣು ಅನ್ನುತ್ತೆ, ಅದು ನಂಬಿಬಿಡುತ್ತೆ, ಹೊಟ್ಟೇಲಿ ಮೊಟ್ಟೆ ಕಟ್ಟುತ್ತೆ — ಗಂಡಸರಿಗೂ ಒಂದ್ಸಲ ಬಸಿರಿನ ಕಷ್ಟ ಗೊತ್ತಾಗ್ಲಿ ಬಿಡು ಎಂದು ನಕ್ಕಿದ್ದೆ, ಈ ಬಾಯಿಗೆ ಹುಳ ಬೀಳ. ಹೊಳೆ ನೀರಿಗೆ ಒಂದು ತೊಟ್ಟಿ, ಹೋಲಿಸಿ ನೋಡಲು ಶುದ್ಧ ನೀರಿಗೆ ಇನ್ನೊಂದು, ಶುದ್ಧ ನೀರು ಎಲ್ಲಿಂದ ತರಲಿ ಎಂದು ಇವಳು ತಲೆ ಕೆರೆದುಕೊಂಡಾಗ ಮನೆಯವರೆಲ್ಲ ಒಂದೇ ಬಾಯಲ್ಲಿ, ನಮ್ಮ ಬಾವಿ ಇಲ್ವೇನೇ. ನಾನೇ ತೋಡಿದ ಬಾವಿ, ಕೆಳಗೆ ನಾನು ಬಂಡೆ ಒಡೆಯುತ್ತ, ಮೇಲೆ ಹೆಂಡತಿ ಮಣ್ಣಿನ ಬುಟ್ಟಿ ಎಳೆಯುತ್ತ, ಮೊದಲ ಸೆಲೆ ಹಿಮ್ಮಡಿಗೆ ತಣ್ಣಗೆ ತಾಕಿದಾಗ ಅವಳು ಮೇಲಿಂದ, ಯಾಕ್ರೀ ಸುಮ್ಮನಾದ್ರಿ, ಬದುಕಿದ್ದೀರಾ — ಪಾಪ, ಅವಳು ಈಗಿಲ್ಲ, ಇಲ್ಲದ್ದೇ ಒಳ್ಳೆಯದಾಯಿತು. ಮಗಳು ಆ ನೀರಿನ ಉಪ್ಪು ನೋಡಿದಳು, ಕ್ರಿಮಿ ನೋಡಿದಳು, ಈ ವಿಷವೊಂದನ್ನು ನೋಡಲಿಲ್ಲ, ನೋಡುವುದೇನು, ಹುಟ್ಟಿದಾಗಿನಿಂದ ಕುಡಿದ ನೀರು, ತಾಯಿಯ ಹಾಲನ್ನು ಯಾರಾದರೂ ಪರೀಕ್ಷೆಗೆ ಕಳಿಸುತ್ತಾರೆಯೇ.

ಅಪ್ಪ, ಕ್ಯಾನು ತುಂಬಿ ಕಳಿಸ್ತಿದ್ದವನು ನೀನೇ ಅಲ್ವಾ, ಅದಕ್ಕೆ ಹೊಳೆ ನೀರು ಬೆರೆತಿತ್ತಾ, ಬೆರೆತಿತ್ತು ಅನ್ನಪ್ಪ — ಅಂದುಬಿಡಲೇ, ಸುಳ್ಳು ಹೇಳಿದರೆ ಬಾವಿ ತೊಳೆದುಹೋಗುತ್ತದೆಯೇ, ಇಲ್ಲ ಕಣೇ, ಪೂರಾ ಬಾವೀದೇ. ಹಾಗಾದ್ರೆ ಬಾ, ನೋಡು. ಒಂದು ಕಣ್ಣು ಮುಚ್ಚಿ ಬಗ್ಗಿದೆ, ನಸುಗೆಂಪು ಬಯಲು, ಅದರ ನಡುವೆ ದುಂಡನೆಯ ಕಾಳುಗಳು. ಮೊಟ್ಟೆ ಅಪ್ಪ. ಇದು ಬಾವಿ ತೊಟ್ಟಿಯ ಗಂಡು ಮೀನು. ಆ ಪಟ್ಟಿಯದೂ ಗಂಡೇ. ಹೊಳೆಯ ವಿಷ ನೆಲದಡಿ ಬಾವಿಗೂ ಇಳಿದಿದೆ, ಹೋಲಿಸುವ ನೀರೇ ಕೆಟ್ಟ ಮೇಲೆ ಇವಳ ವರ್ಷಗಳ ಕೆಲಸ ನೀರಿನಲ್ಲಿ ಹೋಮವಾಯಿತು, ಹೋಗಲಿ, ಕೆಲಸ ಮತ್ತೆ ಮಾಡಬಹುದು, ಆದರೆ ಮನೆಯಲ್ಲಿ ಸೊಸೆ, ಏಳು ತಿಂಗಳು, ನಲ್ಲಿ ನೀರು ಕಂಡರೆ ವಾಕರಿಕೆ ಎಂದು ಬಾವಿಯದನ್ನೇ ಬೇಡುತ್ತಾಳೆ, ಮಾವ, ಇದಕ್ಕೆ ಸಕ್ಕರೆ ಹಾಕಿ ತರ್ತೀರಾ ಹೇಗೆ, ಬೆಳಗ್ಗೆಯೂ ಸೇದಿ ಕೊಟ್ಟುಬಂದೆ, ಈ ಕೈಯಿಂದಲೇ, ಕತ್ತು ಹಿಂದಕ್ಕೆ ಚೆಲ್ಲಿ ಕುಡಿದಳು, ಗಂಟಲು ಮೇಲೆ ಕೆಳಗೆ ಆಡುತ್ತಿತ್ತು, ಬಸುರಿಯ ದಾಹ ತೀರುವುದನ್ನು ನೋಡಿ ಪುಣ್ಯ ಬಂತೆಂದುಕೊಂಡೆ. ಮನುಷ್ಯರಿಗೂ ಹೀಗೇ ಆಗುತ್ತೇನೇ. ಗೊತ್ತಿಲ್ಲ ಅಪ್ಪ. ಹೊಟ್ಟೇಲಿರೋ ಕೂಸಿಗೆ. ಗೊತ್ತಿಲ್ಲ ಅಂದ್ನಲ್ಲ, ಯಾರಿಗೂ ಗೊತ್ತಿಲ್ಲ, ಮೀನಿಗಾಗಿದ್ದು ಮನುಷ್ಯರಿಗೆ ಆಗಲೇಬೇಕು ಅಂತಿಲ್ಲ, ಆಗಲ್ಲ ಅಂತಾನೂ ಇಲ್ಲ, ಮೊದ್ಲು ಫೋನ್ ಮಾಡು, ಕುಡೀಬೇಡ ಅನ್ನು — ಇಷ್ಟು ಓದಿದವಳ ಬಾಯಲ್ಲೂ ಗೊತ್ತಿಲ್ಲವೆಂದರೆ ಇನ್ನು ಯಾರ ಕಾಲು ಹಿಡಿಯಲಿ. ರಿಂಗಾಗುತ್ತಿದೆ, ಎತ್ತು ತಾಯಿ, ಆ ಗಂಟಲು, ಮಲಗಿ ಎದ್ದು ನೀರು ಕುಡಿಯುವ ಹೊತ್ತು ಇದು, ಬಿಂದಿಗೆ ಮಂಚದ ಪಕ್ಕ ಇಟ್ಟವನೂ ನಾನೇ, ಎತ್ತು, ಹಲೋ ಮಾವ, ಏಳೋಕೆ ತಡ ಆಯ್ತು, ನಿಮ್ಮ ಮೊಮ್ಮಗು ಒದೀತಿದೆ ನೋಡಿ, ನೀರು ಬೇಕಂತೆ ಅದಕ್ಕೆ, ಹೇಳಿ — ಬೇಡ ಅನ್ನಬೇಕು, ಎರಡೇ ಅಕ್ಷರ, ಮಗಳು ನನ್ನ ತೋಳು ಹಿಡಿದು ಅಲ್ಲಾಡಿಸುತ್ತಾಳೆ, ಹೇಳಪ್ಪ, ತಾಳಿ ಮಾವ ಒಂದ್ನಿಮಿಷ, ಲೋಟದಲ್ಲಿ ಇನ್ನೊಂಚೂರಿದೆ — ಗುಟುಕು ಕೇಳಿಸುತ್ತದೆ, ಕತ್ತು ಹಿಂದಕ್ಕೆ, ಗಂಟಲು ಮೇಲೆ, ಗಂಟಲು ಕೆಳಗೆ, ಗಂಟಲು ಮೇಲೆ —