ನೀರಿನ ಚೌಕ

ಪರದೆಯ ಮೇಲೆ ಬೆಳಕು ಒಂದು ಚೌಕದಿಂದ ಇನ್ನೊಂದಕ್ಕೆ ಹಾರುತ್ತಿತ್ತು. ನೀರು, ನೋವು, ಫ್ಯಾನು, ಸಾಕು, ಚಂದಮ್ಮ. ತಾಯಪ್ಪನ ಕಣ್ಣು ಅದರ ಮೇಲೇ ಇತ್ತು. ತಲೆಗೆ ಬಿಗಿದ ಟೋಪಿಯಿಂದ ಇಳಿದ ತಂತಿಗಳು ದಿಂಬಿನ ಮೇಲೆ ಹರಡಿದ್ದವು.

"ಕಾಕಾ, ಈಗ ಕಾಕೂನ್ನ ಕರೀರಿ," ಎಂದಳು ದೀಪಾಲಿ, ಅವನ ಹೆಂಡತಿಯತ್ತ ಕೈ ತೋರಿಸಿ.

"ನೀರು," ಎಂದಿತು ಮಂಚದ ಬದಿಯ ಡಬ್ಬಿ.

ಅದು ದೀಪಾಲಿಯದೇ ದನಿ. ಅಕ್ಕಲಕೋಟದ ಹುಡುಗಿ, ಪುಣೆಯ ಮಗರಪಟ್ಟಾದಲ್ಲಿ ಈ ಯಂತ್ರ ಮಾಡುವ ಆಫೀಸಿನಲ್ಲಿ ಕೂತು ಆ ಮಾತುಗಳನ್ನೆಲ್ಲ ತಾನೇ ಹೇಳಿ ತುಂಬಿಸಿದ್ದಳು. ಕೊಂಢವಾದಲ್ಲಿ ಕಟ್ಟುತ್ತಿದ್ದ ಕಟ್ಟಡದಿಂದ ಬಿದ್ದ ಮೇಲೆ ತಾಯಪ್ಪನಿಗೆ ಕೈಕಾಲು ಹೋದವು, ಮಾತೂ ಹೋಯಿತು. ಕಣ್ಣು, ಕಿವಿ ಉಳಿದವು. ಬೇಕಾದ ಚೌಕ ಬೆಳಗಿದಾಗ ತಲೆಯೊಳಗೆ ಏನೋ ಅಲುಗುತ್ತದೆ, ಟೋಪಿ ಅದನ್ನು ಹಿಡಿಯುತ್ತದೆ. ಕೇಳಿದ್ದು ಸಿಕ್ಕಿದ ಮೇಲೆ 'ಸಾಕು' ಆರಿಸಬೇಕು, ಇಲ್ಲದಿದ್ದರೆ ಡಬ್ಬಿ ಮತ್ತೆ ಮತ್ತೆ ಕೇಳುತ್ತದೆ ಎಂದು ದೀಪಾಲಿ ಮೊದಲ ದಿನವೇ ತಿಳಿಸಿ ಹೇಳಿದ್ದಳು. ಹೆಂಡತಿ ಚಂದಮ್ಮ ಹೂಂ ಎಂದಿದ್ದಳು. ಗಂಡ ಬಿದ್ದಂದಿನಿಂದ ಅವಳು ಎಲ್ಲದಕ್ಕೂ ಹೂಂ ಎನ್ನುತ್ತಿದ್ದಳು.

ಈಗಲೂ ಎದ್ದು ಲೋಟ ತಂದು, ಚಮಚದಿಂದ ಅವನ ತುಟಿ ತೋಯಿಸಿದಳು. ನೀರು ಬಾಯಂಚಿನಿಂದ ಕುತ್ತಿಗೆಗೆ ಇಳಿಯಿತು. ಸೆರಗಿನಿಂದ ಒರೆಸಿದಳು.

"ನೀರು," ಎಂದಿತು ಡಬ್ಬಿ.

ಯಂತ್ರ ಮನೆಗೆ ಬಂದಾಗಿನಿಂದ ಇದೇ ಆಗಿತ್ತು. ಫ್ಯಾನು ಎಂದು ಕೇಳಿ, ಅದು ತಿರುಗಿದೊಡನೆ ಅವನು 'ಸಾಕು' ಆರಿಸುತ್ತಿದ್ದ. ನೀರಿಗೆ ಮಾತ್ರ ಸಾಕು ಎಂಬುದೇ ಇರಲಿಲ್ಲ. ಕೊನೆಯ ಚೌಕವನ್ನಂತೂ ಅವನು ಒಮ್ಮೆಯೂ ಆರಿಸಿರಲಿಲ್ಲ. ಇವತ್ತು ಹೆಂಡತಿಯನ್ನು ಕರೆಯಲಾಗದಿದ್ದರೆ ಯಂತ್ರ ಬೇರೆ ರೋಗಿಯ ಮನೆಗೆ ಹೋಗಬೇಕು ಎಂದು ದೀಪಾಲಿಯ ಸಾಹೇಬರು ಹೇಳಿ ಕಳಿಸಿದ್ದರು.

"ಕಾಕೂ ಮ್ಯಾಲ ಸಿಟ್ಟೇನ್ರಿ ಕಾಕಾ?" ದೀಪಾಲಿ ನಗಲು ನೋಡಿದಳು. ಮತ್ತೆ ಕೇಳಿದಳು. ಮತ್ತೆ ನೀರೇ ಬಂತು. ಪರದೆಯನ್ನು ಹಾಗೇ ನಿಲ್ಲಿಸಿ, ಬ್ಯಾಗು ತೆರೆದು ಚಾರ್ಜರಿನ ತಂತಿ ಸುತ್ತತೊಡಗಿದಳು. ಟೋಪಿ ಇನ್ನೂ ಅವನ ತಲೆಯ ಮೇಲಿತ್ತು.

ಚಂದಮ್ಮ ಪರದೆಯನ್ನೇ ನೋಡುತ್ತ, ಆ ಕೊನೆಯ ಚೌಕದಲ್ಲಿ ಏನು ಬರೆದಿದೆ ಎಂದು ಕೇಳಿದಳು. ಅವಳಿಗೆ ಓದು ಬರುತ್ತಿರಲಿಲ್ಲ. ಡಬ್ಬಿ ಆ ಮಾತನ್ನು ಯಾವತ್ತೂ ಆಡಿರಲಿಲ್ಲ.

"ನಿಮ್ಮ ಹೆಸರದರಿ ಕಾಕೂ."

"ನನ್ನ ಹೆಸರ ಅವರು ತಗೊಳ್ಳಂಗಿಲ್ಲರಿ."

"ಮತ್ತ ಏನಂತ ಕರೀತಿದ್ರು?"

ಚಂದಮ್ಮ ಮಂಚದತ್ತ ನೋಡಿದಳು. ಅವನು ಅವಳನ್ನು 'ಏ' ಎಂದು ಕೂಡ ಕರೆದವನಲ್ಲ. ಕೆಲಸ ಮುಗಿಸಿ ಬಂದು ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತ ಒಂದು ಮಾತು ಅನ್ನುತ್ತಿದ್ದ, ಅಷ್ಟೇ. ಅವಳು ನಳದ ಹತ್ತಿರವಿರಲಿ, ನೆರೆಮನೆಯಲ್ಲಿರಲಿ, ಬರುತ್ತಿದ್ದಳು. ಎಷ್ಟೋ ಸಲ ಅವನು ಅವಳು ತಂದ ಲೋಟಕ್ಕೆ ಬಾಯಿ ಹಚ್ಚದೆ ಬದಿಗಿಟ್ಟು, ಆವತ್ತಿನ ಸುದ್ದಿ ಹೇಳಲು ಶುರುಮಾಡುತ್ತಿದ್ದ.

"ನೀರ್ ಅಂತಿದ್ರು," ಎಂದಳು.

ದೀಪಾಲಿಯ ಕೈ ತಂತಿಯ ಮೇಲೆ ನಿಂತಿತು. ಬಗ್ಗಿ ಪರದೆಯ ಗುಂಡಿ ಒತ್ತಿದಳು. ಬೆಳಕು ಹಾರತೊಡಗಿತು.

"ನೀರು."

ಚಂದಮ್ಮನ ಕೈ ತಾನಾಗಿಯೇ ಲೋಟದತ್ತ ಹೋಯಿತು. ಹಿಂದಕ್ಕೆ ತೆಗೆದಳು. ಬರಿಗೈಯಲ್ಲಿ ಹೋಗಿ ಮಂಚದ ಅಂಚಿನಲ್ಲಿ ಕೂತಳು. ಮುಂದಿನ ರೂಮಿನವರು ಖಾಲಿಮಾಡಿ ರಾಂಜಣಗಾಂವಕ್ಕೆ ಹೋದರೆಂದು, ಅಲ್ಲಿಗೆ ಇನ್ನೂ ಯಾರೂ ಬಂದಿಲ್ಲವೆಂದು ಹೇಳಿದಳು.

ಬೆಳಕು ಚೌಕಗಳ ಮೇಲೆ ಇನ್ನೊಂದು ಸುತ್ತು ಹಾರಿತು.

"ಸಾಕು," ಎಂದಿತು ಡಬ್ಬಿ.

ದೀಪಾಲಿ ಸುತ್ತಿದ್ದ ತಂತಿಯನ್ನು ಬಿಚ್ಚತೊಡಗಿದಳು. ಕಿಟಕಿಯ ಕಟ್ಟೆಯ ಮೇಲೆ ಲೋಟ ಹಾಗೇ ಇತ್ತು, ಚಮಚ ಅದರೊಳಗೇ.